ರಾಣಿಗಂಜ್: ಬೆಳಕು ಕೊಟ್ಟ ಊರಿನ ಕತ್ತಲ ಕಥೆ

ಸ್ವಿಚ್ ಒತ್ತಿದರೆ ಬಲ್ಬು ಉರಿಯುತ್ತದೆ, ಮಿಕ್ಸಿ ತಿರುಗುತ್ತದೆ. ಕರೆಂಟು ಹೋದಾಗ ನಾವು ಗೊಣಗುತ್ತೇವೆ. ಬಂದಾಗ ಅದು ಎಲ್ಲಿಂದ ಬಂತು, ಯಾರ ದುಡಿಮೆಯಿಂದ ಬಂತು ಎಂದು ಕೇಳುವ ಅಭ್ಯಾಸ ನಮಗಿಲ್ಲ. ನಮ್ಮ ದೇಶದ ವಿದ್ಯುತ್ತಿನಲ್ಲಿ ಮೂರರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು ಇಂದಿಗೂ ಕಲ್ಲಿದ್ದಲಿನಿಂದಲೇ ತಯಾರಾಗುತ್ತದೆ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೂ ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಗಣಿಯ ಊರೆಂದರೆ ನಮಗೆ ನೆನಪಾಗುವುದು 2001ರಲ್ಲಿ ಮುಚ್ಚಿಹೋದ ಕೋಲಾರದ ಚಿನ್ನದ ಗಣಿ ಮಾತ್ರ. ಆದ್ದರಿಂದ ಕಲ್ಲಿದ್ದಲು ಅಗೆಯುವವರ ಬದುಕು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಭಾರತದಲ್ಲಿ ಕಲ್ಲಿದ್ದಲಿನ ಕಥೆ ಆರಂಭವಾದ ಊರಿನ ಹೆಸರು ರಾಣಿಗಂಜ್. ಪಶ್ಚಿಮ ಬಂಗಾಳದಲ್ಲಿ, ದಾಮೋದರ ಮತ್ತು ಅಜಯ್ ನದಿಗಳ ನಡುವಿನ ನೆಲದಲ್ಲಿದೆ ಈ ಊರು. ಇದರ ಇತಿಹಾಸವನ್ನು ತಿಳಿದರೆ ಕಂಪೆನಿಗಳ ಲಾಭದ ಕಥೆ ತಿಳಿಯುತ್ತದೆ. ಅದರ ಜೊತೆಗೆ, ಮನುಷ್ಯನ ಜೀವಕ್ಕೆ ಬೆಲೆಯೇ ಇಲ್ಲದಿದ್ದ ಜಾಗದಲ್ಲಿ ಆ ಬೆಲೆಯನ್ನು ಎತ್ತಿಹಿಡಿದ ಕೆಲವು ಸಾಮಾನ್ಯ ಜನರ ಕಥೆಯೂ ತಿಳಿಯುತ್ತದೆ.

ಎಲ್ಲಿಂದ ಶುರುವಾಯಿತು?

ಕಲ್ಲಿದ್ದಲು ಎಂದರೆ ಒಂದು ಕಾಲದ ಕಾಡು. ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿನ ಜವುಗು ನೆಲದಲ್ಲಿ ಬೆಳೆದು ಬಿದ್ದ ಗಿಡಮರಗಳು ಮಣ್ಣಿನಡಿ ಹೂತು, ಒತ್ತಡಕ್ಕೂ ಬಿಸಿಗೂ ಸಿಕ್ಕಿ ಕಪ್ಪು ಕಲ್ಲಾದವು. ಆ ಗಿಡಗಳು ಅಂದು ಹೀರಿದ ಸೂರ್ಯನ ಶಾಖವೇ ಇಂದು ಒಲೆಯಲ್ಲಿ ಉರಿಯುತ್ತದೆ. ಅಲ್ಲಾಹನು ಭೂಮಿಯೊಳಗೆ ಇಟ್ಟ ಈ ಭಂಡಾರದ ಮೇಲೆ ಮನುಷ್ಯನ ಕಣ್ಣು ಬಿದ್ದದ್ದು ತೀರಾ ಇತ್ತೀಚೆಗೆ.

1774ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಸಮ್ನರ್ ಮತ್ತು ಹೀಟ್ಲಿ ಎಂಬ ಇಬ್ಬರು ಇಂಗ್ಲಿಷರು ವಾರನ್ ಹೇಸ್ಟಿಂಗ್ಸ್‌ನಿಂದ ಅನುಮತಿ ಪಡೆದು ಈ ಸೀಮೆಯಲ್ಲಿ ಗಣಿ ತೋಡಿದರು. ಅವರ ಕಲ್ಲಿದ್ದಲು ಇಂಗ್ಲೆಂಡಿನ ಕಲ್ಲಿದ್ದಲಿಗೆ ಸಮನಲ್ಲ ಎಂದು ಕಂಪೆನಿ ಮೂಗು ಮುರಿಯಿತು. ಕೆಲಸ ನಿಂತುಹೋಯಿತು. ಸುಮಾರು ನಲವತ್ತು ವರ್ಷಗಳ ನಂತರ ಜೋನ್ಸ್ ಎಂಬ ಎಂಜಿನಿಯರ್ ರಾಣಿಗಂಜ್‌ನಲ್ಲಿ ಮತ್ತೆ ಅಗೆಯಲು ಆರಂಭಿಸಿದ. ಈ ಬಾರಿ ಕಾಲ ಬದಲಾಗಿತ್ತು. ಗಂಗಾ ನದಿಯಲ್ಲಿ ಹಬೆಯ ಹಡಗುಗಳು ಓಡಾಡತೊಡಗಿದವು. ಅವುಗಳ ಹೊಟ್ಟೆಗೆ ಕಲ್ಲಿದ್ದಲು ಬೇಕಿತ್ತು.

1836ರಲ್ಲಿ ಈ ಗಣಿಯನ್ನು ಕೊಂಡವರು ಒಬ್ಬ ಭಾರತೀಯರು. ಕವಿ ರವೀಂದ್ರನಾಥ ಠಾಕೂರರ ಅಜ್ಜ ದ್ವಾರಕಾನಾಥ ಠಾಕೂರರು. ಅವರ ಕಾರ್-ಠಾಕೂರ್ ಕಂಪೆನಿ ಇಲ್ಲಿನ ಕಲ್ಲಿದ್ದಲನ್ನು ದೋಣಿಗಳಲ್ಲಿ ತುಂಬಿ ಕಲ್ಕತ್ತೆಗೆ ಸಾಗಿಸುತ್ತಿತ್ತು. ದಾಮೋದರ ನದಿಯಲ್ಲಿ ದೋಣಿ ಸಾಗಲು ನೀರಿರುತ್ತಿದ್ದುದು ಮಳೆಗಾಲದಲ್ಲಿ ಮಾತ್ರ. ಹಾಗಾಗಿ ವರ್ಷವಿಡೀ ಅಗೆದದ್ದನ್ನು ದಡದಲ್ಲಿ ರಾಶಿ ಹಾಕಿ ಪ್ರವಾಹಕ್ಕಾಗಿ ಕಾಯಬೇಕಿತ್ತು. 1843ರಲ್ಲಿ ಬೆಂಗಾಲ್ ಕೋಲ್ ಕಂಪೆನಿ ಸ್ಥಾಪನೆಯಾಯಿತು. 1855ರ ಫೆಬ್ರವರಿ 3ರಂದು ಹೌರಾದಿಂದ ರಾಣಿಗಂಜ್‌ಗೆ 121 ಮೈಲುಗಳ ರೈಲುಮಾರ್ಗ ತೆರೆಯಿತು. ದೇಶದ ಮೊತ್ತಮೊದಲ ರೈಲುಮಾರ್ಗಗಳಲ್ಲಿ ಒಂದನ್ನು ಹಾಕುವಾಗ ಬ್ರಿಟಿಷರ ಮನಸ್ಸಿನಲ್ಲಿ ಪ್ರಯಾಣಿಕರಿಗಿಂತ ಹೆಚ್ಚಾಗಿ ಇದ್ದದ್ದು ಈ ಕಪ್ಪು ಕಲ್ಲು. ರೈಲು ಬಂದ ಮೇಲೆ ದೋಣಿ ಮರೆಯಾಯಿತು, ಗಣಿಗಳು ಹೆಚ್ಚಿದವು, ಊರು ಬೆಳೆಯಿತು.

ಗಂಡ ಕಡಿದ, ಹೆಂಡತಿ ಹೊತ್ತಳು

ಗಣಿಗೆ ಇಳಿದವರು ಯಾರು? ಮೊದಲು ಸುತ್ತಲಿನ ಸಂತಾಲ ಆದಿವಾಸಿಗಳು ಮತ್ತು ಬೌರಿ ಎಂಬ ದಲಿತ ಸಮುದಾಯದವರು. ನಂತರ ಬಿಹಾರ, ಉತ್ತರ ಪ್ರದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು. ಅವರಲ್ಲಿ ಉರ್ದು ಮಾತನಾಡುವ ಮುಸ್ಲಿಮರೂ ಬಹಳ ಮಂದಿ. ಇಂದಿಗೂ ರಾಣಿಗಂಜ್, ಅಸನ್‌ಸೋಲ್‌ಗಳ ಬೀದಿಯಲ್ಲಿ ಬಂಗಾಳಿ, ಹಿಂದಿ, ಉರ್ದು, ಸಂತಾಲಿ ಎಲ್ಲವೂ ಕೇಳಿಬರುತ್ತವೆ.

ಜನ ತಾವಾಗಿಯೇ ಭೂಮಿಯೊಳಗೆ ಇಳಿಯಲು ಒಪ್ಪುತ್ತಿರಲಿಲ್ಲ. ಅದಕ್ಕೆ ಕಂಪೆನಿಗಳು ಒಂದು ಉಪಾಯ ಹೂಡಿದವು. ಗಣಿಯ ಸುತ್ತಲಿನ ಹಳ್ಳಿಗಳ ಜಮೀನ್ದಾರಿ ಹಕ್ಕನ್ನೇ ಕೊಂಡುಕೊಂಡವು. ಬಡ ರೈತನಿಗೆ ತುಂಡು ಭೂಮಿ ಕೊಟ್ಟು, ಬದಲಿಗೆ ಗಣಿಯಲ್ಲಿ ದುಡಿಯಬೇಕು ಎಂಬ ಷರತ್ತು ಹಾಕಿದವು. ಗಣಿ ಬಿಟ್ಟರೆ ಹೊಲವೂ ಹೋಯಿತು, ಗುಡಿಸಲೂ ಹೋಯಿತು.

ಕೆಲಸ ಕುಟುಂಬದ ಲೆಕ್ಕದಲ್ಲಿ ನಡೆಯುತ್ತಿತ್ತು. ಕಲ್ಲಿದ್ದಲು ಕಡಿಯುವ ಗಂಡಸಿಗೆ ಮಾಲ್‌ಕಟ್ಟಾ ಎಂದು ಹೆಸರು. ಕಡಿದದ್ದನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಸಾಗಿಸುವ ಹೆಂಗಸು ಕಾಮಿನ್. ತಾಯಿಯ ಬೆನ್ನಿಗೆ ಮಕ್ಕಳೂ ಇಳಿಯುತ್ತಿದ್ದರು. ಹದಿಮೂರು ವರ್ಷದೊಳಗಿನ ಮಕ್ಕಳನ್ನು ಗಣಿಯಲ್ಲಿ ದುಡಿಸಬಾರದೆಂಬ ಕಾನೂನು ಬಂದದ್ದೇ 1923ರಲ್ಲಿ. ಆ ಕಾಲದಲ್ಲಿ ಗಣಿ ಕಾರ್ಮಿಕರಲ್ಲಿ ಸುಮಾರು ಮೂರನೇ ಒಂದು ಪಾಲು ಮಹಿಳೆಯರಿದ್ದರು ಎಂದರೆ ನೀವು ನಂಬುತ್ತೀರಾ?

1929ರಲ್ಲಿ ಸರಕಾರ ಮಹಿಳೆಯರನ್ನು ಗಣಿಯ ಒಳಗಿನಿಂದ ಹಂತ ಹಂತವಾಗಿ ಹೊರತರಲು ನಿಯಮ ಮಾಡಿತು. 1937ರ ಹೊತ್ತಿಗೆ ಅವರು ಪೂರ್ಣವಾಗಿ ಹೊರಬಂದರು. ಒಳ್ಳೆಯದೇ ಆಯಿತು ಎಂದು ನಮಗನ್ನಿಸಬಹುದು. ಆದರೆ ಗಂಡನ ಕೂಲಿಯನ್ನು ಯಾರೂ ಹೆಚ್ಚಿಸಲಿಲ್ಲ, ಹೆಂಡತಿಗೆ ಬೇರೆ ಕೆಲಸವನ್ನು ಯಾರೂ ಕೊಡಲಿಲ್ಲ. ಇಬ್ಬರ ದುಡಿಮೆಯಿಂದ ಅರೆಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಮನೆಗೆ ಒಬ್ಬನ ದುಡಿಮೆ ಮಾತ್ರ ಉಳಿಯಿತು. ಎರಡನೇ ಮಹಾಯುದ್ಧದ ವೇಳೆ ಕಲ್ಲಿದ್ದಲು ಸಾಲದೆ ಬಂದಾಗ, 1943ರಲ್ಲಿ, ಅದೇ ಸರಕಾರ ನಿಷೇಧ ತೆಗೆದು ಹೆಂಗಸರನ್ನು ಮತ್ತೆ ಕೆಳಗಿಳಿಸಿತು. ಯುದ್ಧ ಮುಗಿದ ಮೇಲೆ 1946ರಲ್ಲಿ ಮತ್ತೆ ಹೊರಹಾಕಿತು. ಹೆಣ್ಣಿನ ಮೇಲಿನ ಕರುಣೆ ಎಂಬುದು ಕಲ್ಲಿದ್ದಲಿನ ಅಗತ್ಯಕ್ಕೆ ತಕ್ಕಂತೆ ಬಂತು, ಹೋಯಿತು.

ಕಾರ್ಮಿಕರ ವಾಸ ಧೌರಾ ಎಂಬ ಸಾಲುಮನೆಗಳಲ್ಲಿ. ಒಂದು ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಗಣಿಯ ಸಮೀಪದಲ್ಲೇ ಸಾರಾಯಿ ಅಂಗಡಿ. ವಾರದ ಕೂಲಿ ಕೈಗೆ ಬರುವ ದಿನ ಬಾಗಿಲಲ್ಲಿ ಬಡ್ಡಿ ವಸೂಲಿಗೆ ನಿಂತ ಸಾಲಗಾರ. ಬಡ್ಡಿ ಮತ್ತು ಮದ್ಯ ಇವೆರಡನ್ನು ಇಸ್ಲಾಮ್ ಏಕೆ ಅಷ್ಟು ಕಟ್ಟುನಿಟ್ಟಾಗಿ ನಿಷೇಧಿಸಿದೆ ಎಂದು ತಿಳಿಯಬೇಕಾದವರು ಗಣಿಯೂರುಗಳ ಇತಿಹಾಸವನ್ನು ಓದಬೇಕು. ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಪ್ರವಾದಿ(ಸ)ಯವರು ಕಲಿಸಿದರು. ಇಲ್ಲಿ ಕೊಟ್ಟ ಕೂಲಿಯೂ ಮನೆ ತಲುಪುವ ಮೊದಲೇ ಎರಡು ಕಡೆಯಿಂದ ಸೋರಿಹೋಗುತ್ತಿತ್ತು. ಮನೆಯಲ್ಲಿ ಕಾಯುತ್ತಿದ್ದ ಹೆಂಡತಿ ಮಕ್ಕಳಿಗೆ ಉಳಿದದ್ದೆಷ್ಟು?

ಇದರ ಮೇಲೆ ಸಾವಿನ ಭಯ ಬೇರೆ. ಗಣಿಯೊಳಗೆ ತುಂಬಿಕೊಳ್ಳುವ ಮೀಥೇನ್ ಅನಿಲಕ್ಕೆ ಒಂದು ಕಿಡಿ ಸಾಕು. 1958ರ ಫೆಬ್ರವರಿ 19ರಂದು ಇದೇ ಸೀಮೆಯ ಚಿನಾಕುರಿ ಗಣಿಯಲ್ಲಿ ನಡೆದ ಸ್ಫೋಟಕ್ಕೆ ಸುಮಾರು 175 ಮಂದಿ ಬಲಿಯಾದರು. ಸ್ಫೋಟದಿಂದ ಉಳಿದವರನ್ನು ಕಲ್ಲಿದ್ದಲಿನ ಧೂಳು ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಉಸಿರಿನೊಂದಿಗೆ ಒಳಹೋದ ಧೂಳು ಶ್ವಾಸಕೋಶವನ್ನು ಗಟ್ಟಿಯಾಗಿಸಿ ಮನುಷ್ಯನನ್ನು ನಿಧಾನವಾಗಿ ಕೊಲ್ಲುತ್ತದೆ.

1973ರಲ್ಲಿ ರಾಣಿಗಂಜ್‌ನ ಖಾಸಗಿ ಗಣಿಗಳು ರಾಷ್ಟ್ರೀಕರಣಗೊಂಡವು. 1975ರಲ್ಲಿ ಕೋಲ್ ಇಂಡಿಯಾ ಮತ್ತು ಅದರ ಅಂಗವಾಗಿ ಈಸ್ಟರ್ನ್ ಕೋಲ್‌ಫೀಲ್ಡ್ಸ್ ಸ್ಥಾಪನೆಯಾದವು. ಖಾಯಂ ನೌಕರಿ, ಪಿಂಚಣಿ, ಆಸ್ಪತ್ರೆ, ಕ್ವಾರ್ಟರ್ಸ್ ಬಂದವು. ಕಾರ್ಮಿಕನ ಮಗ ಶಾಲೆಗೆ ಹೋಗತೊಡಗಿದ. ಆದರೆ ಮಹಿಳೆಯರ ಸಂಖ್ಯೆ ಇನ್ನೂ ಇಳಿಯಿತು. ಹೆಣ್ಣು ಕಾರ್ಮಿಕಳು ಸ್ವಯಂ ನಿವೃತ್ತಿ ಪಡೆದರೆ ಅವಳ ಕೆಲಸವನ್ನು ಮನೆಯ ಗಂಡಸಿಗೆ ಕೊಡುವ ಯೋಜನೆಯೂ ಬಂತು. ಭೂಗರ್ಭದ ಗಣಿಯಲ್ಲಿ ಮಹಿಳೆಯರು ಕೆಲಸ ಮಾಡಲು ಸರಕಾರ ಷರತ್ತುಗಳೊಂದಿಗೆ ಮತ್ತೆ ಅನುಮತಿ ಕೊಟ್ಟದ್ದು 2019ರಲ್ಲಿ.

ಅಝಾನ್ ಕೊಡುತ್ತಿದ್ದ ಹುಡುಗ

ಈ ಕಪ್ಪು ನೆಲದಿಂದ ಒಬ್ಬ ಮಹಾಕವಿ ಎದ್ದುಬಂದರು. ಅಸನ್‌ಸೋಲ್ ಸಮೀಪದ ಚುರುಲಿಯಾ ಗ್ರಾಮದಲ್ಲಿ 1899ರ ಮೇ 24ರಂದು ಜನಿಸಿದ ಕಾಝಿ ನಝ್ರುಲ್ ಇಸ್ಲಾಮ್. ತಂದೆ ಕಾಝಿ ಫಕೀರ್ ಅಹ್ಮದ್ ಊರ ಮಸೀದಿಯ ಇಮಾಮರು. ಮನೆಯ ಬಡತನ ನೋಡಿ ಹುಡುಗನನ್ನು ಎಲ್ಲರೂ ದುಖು ಮಿಯಾ ಎಂದು ಕರೆಯುತ್ತಿದ್ದರು. 1908ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ ಹತ್ತು ವರ್ಷವೂ ತುಂಬಿರಲಿಲ್ಲ. ಮನೆ ನಡೆಸಲು ಆ ಎಳೆಯ ವಯಸ್ಸಿನಲ್ಲೇ ಮಸೀದಿಯಲ್ಲಿ ಅಝಾನ್ ಕೊಟ್ಟರು, ಮಕ್ತಬ್‌ನಲ್ಲಿ ತನಗಿಂತ ಚಿಕ್ಕವರಿಗೆ ಪಾಠ ಹೇಳಿಕೊಟ್ಟರು. ಮುಂದೆ ಅಸನ್‌ಸೋಲ್‌ನ ಬೇಕರಿಯೊಂದರಲ್ಲಿ ಹಿಟ್ಟು ನಾದಿದರು. ಅಲ್ಲಿ ಅವರ ಪ್ರತಿಭೆಯನ್ನು ಗುರುತಿಸಿದ ಒಬ್ಬ ಪೊಲೀಸ್ ಅಧಿಕಾರಿ ಮತ್ತೆ ಶಾಲೆಯ ದಾರಿ ತೋರಿಸಿದರು.

ನಂತರ ಅವರು ಓದಿದ್ದು ರಾಣಿಗಂಜ್‌ನ ಸಿಯಾರ್‌ಸೋಲ್ ರಾಜ್ ಶಾಲೆಯಲ್ಲಿ. ಅದೇ ಊರಿನ ಇನ್ನೊಂದು ಶಾಲೆಯಲ್ಲಿ ಶೈಲಜಾನಂದ ಮುಖೋಪಾಧ್ಯಾಯ ಎಂಬ ಬ್ರಾಹ್ಮಣರ ಹುಡುಗ ಓದುತ್ತಿದ್ದ. ಇಬ್ಬರೂ ಜೀವದ ಗೆಳೆಯರಾದರು. ಮುಂದೆ ಶೈಲಜಾನಂದರು ಗಣಿ ಕಾರ್ಮಿಕರ, ಸಂತಾಲರ ಬದುಕನ್ನು ಬಂಗಾಳಿ ಕಥೆಗಳಲ್ಲಿ ಬರೆದು ಹೆಸರಾದರು. ನಝ್ರುಲ್ 1917ರಲ್ಲಿ ಸೈನ್ಯ ಸೇರಿ ಕರಾಚಿಗೆ ಹೋದರು. ಹಿಂತಿರುಗಿ ಬಂದು 1922ರಲ್ಲಿ ‘ವಿದ್ರೋಹಿ’ ಕವಿತೆಯಿಂದ ಬಂಗಾಳವನ್ನೇ ನಡುಗಿಸಿದರು. ಬ್ರಿಟಿಷರ ಜೈಲು ಕಂಡರು. ಕೂಲಿಕಾರರ ಮೇಲೆಯೇ ಕವಿತೆ ಬರೆದರು. ಇಸ್ಲಾಮೀ ಗೀತೆಗಳನ್ನೂ, ಹಿಂದೂ ಭಕ್ತಿಗೀತೆಗಳನ್ನೂ ರಚಿಸಿದರು. 1942ರಲ್ಲಿ ರೋಗ ಅವರ ಮಾತನ್ನೇ ಕಸಿದುಕೊಂಡಿತು. 1972ರಲ್ಲಿ ಢಾಕಾಕ್ಕೆ ಕರೆಸಿಕೊಂಡ ಬಾಂಗ್ಲಾದೇಶ ಅವರನ್ನು ತನ್ನ ರಾಷ್ಟ್ರಕವಿಯೆಂದು ಗೌರವಿಸಿತು. 1976ರಲ್ಲಿ ನಿಧನರಾದ ಅವರ ಕಬರ್ ಢಾಕಾ ವಿಶ್ವವಿದ್ಯಾನಿಲಯದ ಮಸೀದಿಯ ಬಳಿಯಿದೆ. ಪತ್ನಿ ಪ್ರಮೀಳಾರ ಸಮಾಧಿ ಮಾತ್ರ ಚುರುಲಿಯಾದಲ್ಲೇ ಉಳಿಯಿತು. ಇಂದು ಈ ಸೀಮೆಯ ವಿಮಾನ ನಿಲ್ದಾಣಕ್ಕೂ ಅಸನ್‌ಸೋಲ್‌ನ ವಿಶ್ವವಿದ್ಯಾನಿಲಯಕ್ಕೂ ಅವರದೇ ಹೆಸರು.

ಅರುವತ್ತೈದು ಜೀವಗಳು

1989ರ ನವೆಂಬರ್ 13. ನಡುರಾತ್ರಿ ಕಳೆದಿತ್ತು. ರಾಣಿಗಂಜ್‌ನ ಮಹಾಬೀರ್ ಗಣಿಯಲ್ಲಿ ಇನ್ನೂರಕ್ಕೂ ಹೆಚ್ಚು ಕಾರ್ಮಿಕರು ರಾತ್ರಿ ಪಾಳಿಯಲ್ಲಿದ್ದರು. ಒಮ್ಮೆಲೇ ನೀರು ನುಗ್ಗಿತು. ಹಳೆಯ ಗಣಿಗಳ ಟೊಳ್ಳಿನಲ್ಲಿ ವರ್ಷಗಳಿಂದ ತುಂಬಿ ನಿಂತಿದ್ದ ನೀರು ಅದು. ಲಿಫ್ಟಿನ ಬಳಿಯಿದ್ದವರು ಹೇಗೋ ಮೇಲೆ ಬಂದರು. 71 ಮಂದಿ ಒಳಗೇ ಸಿಕ್ಕಿಬಿದ್ದರು. ಅವರಲ್ಲಿ ಆರು ಮಂದಿ ಮುಳುಗಿ ಸತ್ತರು. ಉಳಿದ 65 ಮಂದಿ ಗಣಿಯ ಎತ್ತರದ ಭಾಗವೊಂದಕ್ಕೆ ಸರಿದು ಕತ್ತಲಲ್ಲಿ ಕುಳಿತರು. ನೀರು ಏರುತ್ತಲೇ ಇತ್ತು.

ಮೇಲೆ ಅವರ ಮನೆಯವರು ಗಣಿಯ ಬಾಯಲ್ಲಿ ನೆರೆದರು. ಸಾಮಾನ್ಯ ದಾರಿಗಳೆಲ್ಲ ಮುಚ್ಚಿಹೋಗಿದ್ದವು. ಆಗ ಗಣಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಒಂದು ಯೋಜನೆ ಮುಂದಿಟ್ಟರು. ಮೊದಲು ಸಣ್ಣ ರಂಧ್ರ ಕೊರೆದು ಆಹಾರ ಇಳಿಸುವುದು. ಆಮೇಲೆ ಸುಮಾರು 22 ಇಂಚು ಅಗಲದ ಬಾವಿ ಕೊರೆದು, ಒಬ್ಬ ಮನುಷ್ಯ ಮಾತ್ರ ನಿಲ್ಲಬಲ್ಲ ಉಕ್ಕಿನ ಕೊಳವೆಯನ್ನು ಹಗ್ಗಕ್ಕೆ ಕಟ್ಟಿ ಕೆಳಗಿಳಿಸುವುದು. ಹಿಂದೆ ಭಾರತದಲ್ಲಿ ಇಂಥದ್ದು ನಡೆದಿರಲಿಲ್ಲ. ಹತ್ತಿರದ ಕಾರ್ಖಾನೆಯಲ್ಲೇ ಆ ಕೊಳವೆಯನ್ನು ತಯಾರಿಸಲಾಯಿತು.

ಕೊಳವೆಯಲ್ಲಿ ಮೊದಲು ಇಳಿಯುವವರು ಯಾರು? ಹಗ್ಗ ತುಂಡಾದರೆ, ಬಾವಿ ಕುಸಿದರೆ ಸಾವು ನಿಶ್ಚಿತ. ಮೇಲಧಿಕಾರಿಗಳು ಬೇಡವೆಂದರೂ ಕೇಳದೆ ಗಿಲ್ ತಾವೇ ಇಳಿದರು. ನವೆಂಬರ್ 16ರ ನಸುಕಿನಲ್ಲಿ ಆರಂಭವಾದ ಕೆಲಸ ಸುಮಾರು ಆರು ಗಂಟೆಗಳ ಕಾಲ ನಡೆಯಿತು. ಒಬ್ಬೊಬ್ಬರಾಗಿ 65 ಮಂದಿಯೂ ಮೇಲೆ ಬಂದರು. ಎಲ್ಲರನ್ನೂ ಕಳಿಸಿದ ಮೇಲೆ ಕೊನೆಯವರಾಗಿ ಗಿಲ್ ಹೊರಬಂದರು. 1991ರಲ್ಲಿ ಅವರಿಗೆ ಸರ್ವೋತ್ತಮ ಜೀವನ ರಕ್ಷಾ ಪದಕ ಸಿಕ್ಕಿತು. 2019ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ಈ ಘಟನೆ ಹಿಂದಿ ಚಲನಚಿತ್ರವೂ ಆಯಿತು.

ಆ ಕತ್ತಲಲ್ಲಿ ಕುಳಿತಿದ್ದವರ ಹೆಸರು, ಜಾತಿ, ಧರ್ಮ ಯಾವುದೆಂದು ಕೇಳಿ ಗಿಲ್ ಇಳಿಯಲಿಲ್ಲ. ಒಂದು ಜೀವವನ್ನು ಉಳಿಸುವುದರ ಮಹತ್ವವನ್ನು ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದಲ್ಲಿ ಓದಿದವರಿಗೆ ಈ ಸಿಖ್ ಎಂಜಿನಿಯರರ ಕೆಲಸದ ತೂಕ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಟೊಳ್ಳಾದ ನೆಲ

ಇಂದು ರಾಣಿಗಂಜ್‌ನ ದೊಡ್ಡ ಚಿಂತೆ ಕೆಲಸದ್ದಷ್ಟೇ ಅಲ್ಲ, ನಿಂತ ನೆಲದ್ದು. ಭೂಮಿಯೊಳಗೆ ಕಲ್ಲಿದ್ದಲು ತೆಗೆಯುವಾಗ ಎಲ್ಲವನ್ನೂ ಕಡಿಯುವುದಿಲ್ಲ. ಮನೆಯ ಮಾಡಿಗೆ ಕಂಬ ಕೊಟ್ಟಂತೆ, ಮೇಲಿನ ನೆಲ ಕುಸಿಯದಿರಲು ಕಲ್ಲಿದ್ದಲಿನ ಕಂಬಗಳನ್ನೇ ಬಿಡುತ್ತಾರೆ. ನಂತರ ಕಂಬಗಳನ್ನೂ ತೆಗೆಯುವುದಾದರೆ ಆ ಜಾಗಕ್ಕೆ ನದಿಯ ಮರಳು ತುಂಬಿಸಬೇಕು. ಖಾಸಗಿ ಮಾಲಕರ ಕಾಲದಲ್ಲಿ ಅನೇಕ ಕಡೆ ಕಂಬವನ್ನೂ ಕಡಿದರು, ಮರಳನ್ನೂ ತುಂಬಲಿಲ್ಲ. ಎಷ್ಟೋ ಹಳೆಯ ಗಣಿಗಳ ನಕ್ಷೆಯೇ ಇಲ್ಲ. ಅವುಗಳ ಮೇಲೆ ಈಗ ಮನೆಗಳಿವೆ, ಶಾಲೆಗಳಿವೆ, ಮಸೀದಿ ಮಂದಿರಗಳಿವೆ. ಗೋಡೆ ಬಿರುಕು ಬಿಡುತ್ತದೆ, ಬಾವಿ ಒಣಗುತ್ತದೆ, ಮಳೆಗಾಲದ ಒಂದು ರಾತ್ರಿ ಅಂಗಳವೇ ಒಳಗೆ ಇಳಿದುಹೋಗುತ್ತದೆ. ಕೆಲವೆಡೆ ಗಾಳಿ ತಾಗಿದ ಕಲ್ಲಿದ್ದಲು ಒಳಗೊಳಗೇ ಹೊತ್ತಿಕೊಂಡು ಬಿರುಕುಗಳಿಂದ ಹೊಗೆ ಬರುತ್ತದೆ. 2020ರ ಜುಲೈಯಲ್ಲಿ ಅಂಡಾಲ್ ಸಮೀಪದ ಹರೀಶ್‌ಪುರ ಗ್ರಾಮದಲ್ಲಿ ನೆಲ ಕುಸಿದು ಜನ ಮನೆ ಬಿಟ್ಟು ಓಡಬೇಕಾಯಿತು.

ಇಲ್ಲಿನ ಕಾರ್ಮಿಕ ನಾಯಕರೂ ಸಂಸದರೂ ಆಗಿದ್ದ ಹರಾಧನ್ ರಾಯ್ 1997ರಲ್ಲಿ ಈ ವಿಷಯವನ್ನು ಸುಪ್ರೀಮ್ ಕೋರ್ಟಿಗೆ ಒಯ್ದರು. 2009ರಲ್ಲಿ ಕೇಂದ್ರ ಸರಕಾರ ಝರಿಯಾ ಮತ್ತು ರಾಣಿಗಂಜ್ ಪ್ರದೇಶಗಳಿಗೆ ಪುನರ್ವಸತಿ ಯೋಜನೆಯನ್ನು ಮಂಜೂರು ಮಾಡಿತು. ರಾಣಿಗಂಜ್‌ನ ಪಾಲು 2,661 ಕೋಟಿ ರೂಪಾಯಿ. ಯೋಜನೆಗೆ ಕೊಟ್ಟ ಹತ್ತು ವರ್ಷಗಳ ಗಡುವು ಮುಗಿದರೂ ಸ್ಥಳಾಂತರ ಮುಗಿಯಲಿಲ್ಲ. ಒಂದು ಕೋಣೆಯ ಫ್ಲ್ಯಾಟಿಗೆ ಹೋದರೆ ಆಡು, ಕೋಳಿ ಎಲ್ಲಿ ಕಟ್ಟುವುದು? ಕೆಲಸ ಎಲ್ಲಿ ಹುಡುಕುವುದು? ಅಜ್ಜನ ಕಬರ್ ಇರುವ ಊರನ್ನು ಬಿಡುವುದು ಹೇಗೆ? ಕುಸಿಯುವ ನೆಲದ ಮೇಲೆ ಕುಳಿತವರ ಈ ಪ್ರಶ್ನೆಗಳು ಕಡತದಲ್ಲಿ ಕಾಣಿಸುವುದಿಲ್ಲ.

ಈಗ ಹೆಚ್ಚಿನ ಕಲ್ಲಿದ್ದಲು ತೆರೆದ ಗಣಿಗಳಿಂದ ಬರುತ್ತದೆ. ನೂರು ಕೈಗಳ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಖಾಯಂ ನೌಕರಿ ಕಡಿಮೆಯಾಗಿ ಗುತ್ತಿಗೆ ಕೂಲಿ ಹೆಚ್ಚಿದೆ. ಏನೂ ಸಿಗದವರು ಮುಚ್ಚಿದ ಗಣಿಗಳ ಬಿಲಗಳಿಗೆ ಕದ್ದು ನುಗ್ಗಿ ಕಲ್ಲಿದ್ದಲು ಕಡಿಯುತ್ತಾರೆ. ಸೈಕಲಿಗೆ ಎರಡು ಕ್ವಿಂಟಾಲು ಕಲ್ಲಿದ್ದಲಿನ ಮೂಟೆ ಕಟ್ಟಿ, ಹತ್ತಲಾಗದೆ ತಳ್ಳಿಕೊಂಡೇ ಮೈಲುಗಟ್ಟಲೆ ನಡೆಯುತ್ತಾರೆ. ಬಿಲ ಕುಸಿದು ಸತ್ತರೆ ಹೆಸರು ದಾಖಲೆಗೂ ಬರುವುದಿಲ್ಲ. ಕಳ್ಳನೆಂಬ ಪಟ್ಟ ಬರುತ್ತದೆಂಬ ಭಯದಿಂದ ಮನೆಯವರು ಗಟ್ಟಿಯಾಗಿ ಅಳುವುದೂ ಇಲ್ಲ.

ಒಬ್ಬ ತಂದೆಯ ಮಾತು

ಭೂಮಿಯೊಳಗೆ ಒಂದೇ ದೀಪದಲ್ಲಿ ದುಡಿದವರ ಈ ಸೀಮೆಯಲ್ಲಿ 2018ರ ಮಾರ್ಚ್ ಕೊನೆಯಲ್ಲಿ ಕೋಮುಗಲಭೆ ಎದ್ದಿತು. ರಾಮನವಮಿ ಮೆರವಣಿಗೆಯ ವೇಳೆ ರಾಣಿಗಂಜ್‌ನಲ್ಲಿ ಹೊತ್ತಿದ ಕಿಡಿ ಅಸನ್‌ಸೋಲ್‌ಗೂ ಹಬ್ಬಿತು. ಅಂಗಡಿಗಳು ಸುಟ್ಟವು, ಜೀವಗಳು ಹೋದವು. ಅಸನ್‌ಸೋಲ್‌ನ ನೂರಾನಿ ಮಸೀದಿಯ ಇಮಾಮ್ ಮೌಲಾನಾ ಇಮ್ದಾದುಲ್ಲಾ ರಶೀದಿಯವರ ಹದಿನಾರು ವರ್ಷದ ಮಗ ಕಾಣೆಯಾದ. ಅವನು ಹತ್ತನೇ ತರಗತಿಯ ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾಯುತ್ತಿದ್ದವನು. ಮರುದಿನ ಅವನ ಮೃತದೇಹ ಸಿಕ್ಕಿತು.

ಜನಾಝಾಕ್ಕೆ ಸಾವಿರಾರು ಮಂದಿ ಸೇರಿದರು. ಎಲ್ಲರ ಎದೆಯಲ್ಲೂ ಕಿಚ್ಚಿತ್ತು. ಆ ತಂದೆಯ ಬಾಯಿಂದ ಒಂದು ಮಾತು ಹೊರಟಿದ್ದರೆ ಊರು ಉರಿಯುತ್ತಿತ್ತು. ಅವರು ಜನರ ಮುಂದೆ ನಿಂತು, ನಿಮ್ಮಲ್ಲಿ ಯಾರಾದರೂ ಪ್ರತೀಕಾರಕ್ಕೆ ಕೈಯೆತ್ತಿದರೆ ನಾನು ಈ ಮಸೀದಿಯನ್ನೂ ಈ ಊರನ್ನೂ ಬಿಟ್ಟು ಹೋಗುತ್ತೇನೆ ಎಂಬರ್ಥದ ಮಾತು ಹೇಳಿದರು. ತನ್ನ ಮನೆಯ ದುಃಖ ಇನ್ನೊಂದು ಮನೆಗೆ ಬರಬಾರದು ಎಂದರು. ಜನ ತಲೆತಗ್ಗಿಸಿ ಮನೆಗೆ ಮರಳಿದರು. ಸಬ್ರ್ ಎಂಬ ಪದವನ್ನು ನಾವು ದಿನಕ್ಕೆ ಎಷ್ಟು ಸಲ ಬಳಸುತ್ತೇವೆ! ಮಗನ ಮಯ್ಯಿತ್‌ನ ಮುಂದೆ ನಿಂತು ಅದನ್ನು ಪಾಲಿಸುವುದು ಎಷ್ಟು ಕಠಿಣ ಎಂದು ಮಕ್ಕಳನ್ನು ಹೆತ್ತ ನೀವೇ ಯೋಚಿಸಿ. ಸಬ್ರ್ ಎಂದರೆ ಅನ್ಯಾಯವನ್ನು ಒಪ್ಪಿಕೊಳ್ಳುವುದಲ್ಲ. ಕೊಂದವರಿಗೆ ಶಿಕ್ಷೆ ಕೊಡುವುದು ಕಾನೂನಿನ ಹೊಣೆ. ಇನ್ನೊಂದು ತಾಯಿಯ ಮಗನ ಜೀವ ಕಾಯುವುದು ತನ್ನ ಹೊಣೆ ಎಂದು ಅವರು ತಿಳಿದರು.

ನಮಗೇನು ಪಾಠ?

ಓದುಗರೇ, ಇನ್ನೂರೈವತ್ತು ವರ್ಷಗಳಲ್ಲಿ ರಾಣಿಗಂಜ್‌ನ ಕಲ್ಲಿದ್ದಲು ಹಡಗು ನಡೆಸಿತು, ರೈಲು ಓಡಿಸಿತು, ಕಾರ್ಖಾನೆ ಕಟ್ಟಿತು, ನಗರಗಳಿಗೆ ಬೆಳಕು ಕೊಟ್ಟಿತು. ಅಗೆದವರಿಗೆ ಉಳಿದದ್ದು ಬಿರುಕುಬಿಟ್ಟ ಗೋಡೆ. ಮುಂದೊಂದು ದಿನ ಸೂರ್ಯನ ಬೆಳಕಿನಿಂದಲೂ ಗಾಳಿಯಿಂದಲೂ ನಮ್ಮ ಕರೆಂಟು ಬರಬಹುದು. ಗಣಿಗಳು ಮುಚ್ಚಬಹುದು. ಆ ದಿನ ಬರುವ ಮೊದಲು ಈ ಜನರಿಗೆ ಗಟ್ಟಿ ನೆಲದ ಮೇಲೊಂದು ಮನೆ, ಅವರ ಮಕ್ಕಳಿಗೊಂದು ಕೆಲಸ ಸಿಗಬೇಕಾದದ್ದು ದಾನವಲ್ಲ, ಬಾಕಿ ಉಳಿದ ಕೂಲಿ.

ನಮ್ಮ ಕೈಲಾಗುವುದೂ ಇದೆ. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪವನ್ನು ಆರಿಸಲು ಮಕ್ಕಳಿಗೆ ಕಲಿಸೋಣ. ದುಂದುಗಾರಿಕೆ ನಮ್ಮ ಧರ್ಮ ಮೆಚ್ಚದ ಗುಣ ಎಂಬುದರ ಜೊತೆಗೆ, ಆ ಬೆಳಕಿನ ಹಿಂದೆ ಯಾರಿದ್ದಾರೆ ಎಂಬುದನ್ನೂ ಹೇಳಿಕೊಡೋಣ. ಅಝಾನ್ ಕೊಡುತ್ತಾ ಮನೆ ನಡೆಸಿದ ದುಖು ಮಿಯಾನ ಕಥೆ, ಉಕ್ಕಿನ ಕೊಳವೆಯಲ್ಲಿ ತಾನೇ ಮೊದಲು ಇಳಿದ ಗಿಲ್ ಅವರ ಕಥೆ, ಮಗನನ್ನು ಕಳೆದುಕೊಂಡೂ ಊರನ್ನು ಉಳಿಸಿದ ಇಮಾಮರ ಕಥೆ ನಮ್ಮ ಮಕ್ಕಳ ಕಿವಿಗೆ ಬೀಳಬೇಕು. ನಮ್ಮ ಮನೆಗೆ ಬಂದು ದುಡಿಯುವ ಕೂಲಿಯವರನ್ನು, ಕೆಲಸದವಳನ್ನು ನಾವು ನಡೆಸಿಕೊಳ್ಳುವ ರೀತಿಯಲ್ಲಿ ಆ ಕಥೆಗಳ ಪರಿಣಾಮ ಸ್ವಲ್ಪವಾದರೂ ಕಾಣಿಸಲಿ.